ಕಡಲತಡಿಯ ಬಂಗಲೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಕರಾವಳಿಯ ಊರುಗಳಲ್ಲಿ ವೈದ್ಯನಾಗಿದ್ದ ಕಾಲದಲ್ಲಿ ನಾನು ಮನೆಗೇ ಹೋಗಿ ನೋಡುತ್ತಿದ್ದ ವಯಸ್ಸಾದ ರೋಗಿಗಳಲ್ಲಿ ಬಹುಪಾಲು ಜನ ಬಂಗಲೆಗಳಲ್ಲಿ ವಾಸವಾಗಿದ್ದರು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಆ ಒಂದು ವಾಕ್ಯಕ್ಕೆ ಇಷ್ಟು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಬಂಗಲೆ ಎಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗಳ ಮನೆ ಅಥವಾ ಕಾಫಿ ತೋಟದ ಸಾಹುಕಾರರ ಮನೆ. ನಿಮ್ಮ ರೋಗಿಗಳು ಅಷ್ಟು ಶ್ರೀಮಂತರಾಗಿದ್ದರೇ? ಇಂಥ ಮನೆಗಳು ಅಲ್ಲಿ ಯಾವಾಗ ಬಂದವು? — ಓದುಗರೊಬ್ಬರು, ಚಿಕ್ಕಮಗಳೂರು

ಶ್ರೀಮಂತರೇನೂ ಅಲ್ಲ. ಅವರಲ್ಲಿ ಲಂಡನ್ನಿನಲ್ಲಿ ಬಸ್ಸು ಓಡಿಸಿದವರಿದ್ದರು, ಅಂಚೆ ಕಚೇರಿಯಲ್ಲಿ ದುಡಿದವರಿದ್ದರು, ಅಂಗಡಿಯ ಗಲ್ಲಾದ ಹಿಂದೆ ನಿಂತೇ ಆಯುಷ್ಯ ಕಳೆದವರಿದ್ದರು. ಬ್ರಿಟನ್ನಿನಲ್ಲಿ ಮಹಡಿಯಿಲ್ಲದ, ಎಲ್ಲ ಕೋಣೆಗಳೂ ನೆಲಮಟ್ಟದಲ್ಲೇ ಇರುವ ಮನೆಯನ್ನು ಬಂಗಲೆ ಎನ್ನುತ್ತಾರೆಯೇ ಹೊರತು ಮನೆಯ ಗಾತ್ರಕ್ಕಾಗಲಿ ಒಡೆಯನ ಅಂತಸ್ತಿಗಾಗಲಿ ಆ ಹೆಸರಿನೊಡನೆ ಸಂಬಂಧವಿಲ್ಲ. ಇಂಗ್ಲೆಂಡ್ ಒಂದರಲ್ಲೇ ಈಗ ಸುಮಾರು 20 ಲಕ್ಷ ಬಂಗಲೆಗಳಿವೆ. ನೂರು ಮನೆಗಳಲ್ಲಿ ಎಂಟೊಂಬತ್ತು ಬಂಗಲೆಗಳೇ.

ಆದರೆ ಆರಂಭ ಮಾತ್ರ ನೀವು ಊಹಿಸಿದಂತೆ ಉಳ್ಳವರಿಂದಲೇ ಆಯಿತು. ಬಂಗಾಳದ ರೈತರ ಹುಲ್ಲುಮಾಡಿನ ಮನೆಯ ಮಾದರಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸಿ, ಸುತ್ತಲೂ ಜಗುಲಿ ಕೂಡಿಸಿ, ಕಾಂಪೌಂಡು ಹಾಕಿಸಿ ದಂಡು ಪ್ರದೇಶಗಳಲ್ಲೆಲ್ಲ ಕಟ್ಟಿಕೊಂಡಿದ್ದರಷ್ಟೆ. ಆ ಮಾದರಿ ಇಂಗ್ಲೆಂಡಿನ ಕಡಲತಡಿಯಲ್ಲಿ ಮೊದಲು ಬೇರೂರಿದ್ದು 1869-70ರ ಹೊತ್ತಿಗೆ, ಕೆಂಟ್ ಪ್ರಾಂತ್ಯದ ವೆಸ್ಟ್‌ಗೇಟ್ ಎಂಬಲ್ಲಿ. ಜಾನ್ ಟೇಲರ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಅಲ್ಲಿನ ಮೊದಲ ಬಂಗಲೆಯನ್ನು ಕೊಂಡವರು ಚರ್ಮರೋಗ ತಜ್ಞ ಸರ್ ಎರಾಸ್ಮಸ್ ವಿಲ್ಸನ್. ಈಜಿಪ್ಟಿನಿಂದ ಲಂಡನ್ನಿಗೆ 'ಕ್ಲಿಯೋಪಾತ್ರಾಳ ಸೂಜಿ' ಎಂಬ ಕಲ್ಲಿನ ಕಂಬವನ್ನು ತರಿಸಲು ಹಣ ಕೊಟ್ಟವರೂ ಇವರೇ. ಕಡಲ ಗಾಳಿಯೇ ಔಷಧವೆಂದು ವೈದ್ಯರು ನಂಬಿದ್ದ ಕಾಲವದು. ಹಾಗಾಗಿ ಮೊದಲ ಗಿರಾಕಿ ವೈದ್ಯನಾಗಿದ್ದುದು ಆಕಸ್ಮಿಕವಿರಲಾರದು. ಪಕ್ಕದ ಬರ್ಚಿಂಗ್ಟನ್ನಿನಲ್ಲಿ ಜಾನ್ ಪೊಲಾರ್ಡ್ ಸೆಡನ್ ಎಂಬ ವಾಸ್ತುಶಿಲ್ಪಿ 1880ರ ದಶಕದ ಆರಂಭದಲ್ಲಿ ಗೋಪುರವಿರುವ ಬಂಗಲೆಗಳನ್ನು ಕಟ್ಟಿದರು. ಅವುಗಳ ತೋಟದಿಂದ ಸುಣ್ಣಕಲ್ಲಿನ ಬಂಡೆಯ ಒಳಗೇ ಸುರಂಗ ಕೊರೆದು ನೇರವಾಗಿ ಮರಳದಂಡೆಗೆ ಇಳಿಯಲು ದಾರಿ ಮಾಡಿದ್ದರು. ಕವಿ ಮತ್ತು ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಆರೋಗ್ಯ ಸುಧಾರಿಸೀತೆಂದು ಬರ್ಚಿಂಗ್ಟನ್ನಿನ ಬಂಗಲೆಯೊಂದಕ್ಕೆ ಬಂದು, 1882ರ ಏಪ್ರಿಲ್ 9ರಂದು ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಆ ಊರಿನ ಚರ್ಚಿನ ಅಂಗಳದಲ್ಲಿದೆ, ಬಂಗಲೆ ಉಳಿದಿಲ್ಲ.

ಹಾಗಿದ್ದರೆ ದುಡಿಯುವ ವರ್ಗದವರಿಗೆ ಸಮುದ್ರದ ಬಳಿ ಜಾಗ ಹೇಗೆ ಸಿಕ್ಕಿತು? ಅದೂ ಇಂಗ್ಲೆಂಡಿನಂಥ, ಭೂಮಿಯೆಲ್ಲ ಜಮೀನ್ದಾರರ ಕೈಯಲ್ಲಿದ್ದ ದೇಶದಲ್ಲಿ? — ಓದುಗರೊಬ್ಬರು, ಯಲಹಂಕ

ನೀವು ಯಲಹಂಕದವರಾದ್ದರಿಂದ ಉತ್ತರ ಸುಲಭವಾಗಿ ಮನಸ್ಸಿಗೆ ಹತ್ತೀತು: ಬೆಂಗಳೂರಿನ ಸುತ್ತ ಹೊಲಗಳನ್ನು ಸೀಳಿ ರೆವಿನ್ಯೂ ಸೈಟುಗಳನ್ನು ಮಾರಿದ ಹಾಗೆಯೇ ಅಲ್ಲಿಯೂ ನಡೆಯಿತು.

1870ರ ದಶಕದಿಂದ ಅಮೆರಿಕದ ಗೋಧಿ ಹಡಗು ಹಡಗಾಗಿ ಬಂದಿಳಿಯತೊಡಗಿದ ಮೇಲೆ ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತು. ಎಸೆಕ್ಸ್ ಪ್ರಾಂತ್ಯದ ಜಿಗುಟು ಜೇಡಿಮಣ್ಣಿನ ಹೊಲಗಳನ್ನು ಉಳುವ ಖರ್ಚೇ ಹುಟ್ಟದಂತಾದಾಗ ಅವು ಭೂವ್ಯಾಪಾರಿಗಳ ಕೈಗೆ ಹೋದವು. ಇಪ್ಪತ್ತು ಅಡಿ ಅಗಲದ ಪಟ್ಟಿಗಳಾಗಿ ಜಮೀನನ್ನು ಕತ್ತರಿಸಿ, ಲಂಡನ್ನಿನಿಂದ ಬರುವವರಿಗೆ ರೈಲು ಟಿಕೆಟ್ಟನ್ನೂ ಊಟವನ್ನೂ ಧಾರಾಳವಾಗಿ ಮದ್ಯವನ್ನೂ ಪುಕ್ಕಟೆ ಕೊಟ್ಟು, ಹೊಲದಲ್ಲೇ ಡೇರೆ ಹಾಕಿ ಹರಾಜು ಕೂಗಿದರು. ಲೈನ್‌ಡನ್, ಡಂಟನ್, ಬ್ಯಾಸಿಲ್ಡನ್, ಕ್ಯಾನ್ವಿ ದ್ವೀಪ ಮುಂತಾದ ಕಡೆ ಪೂರ್ವ ಲಂಡನ್ನಿನ ಕಾರ್ಮಿಕರು ಕೆಲವೇ ಪೌಂಡುಗಳಿಗೆ ಸೈಟಿನ ಒಡೆಯರಾದರು. ರಸ್ತೆ, ನೀರು, ಒಳಚರಂಡಿಯ ಮಾತನ್ನು ಮಾರಿದವರೂ ಎತ್ತಲಿಲ್ಲ, ಕೊಂಡವರೂ ಕೇಳಲಿಲ್ಲ.

ಇದೇ ಜಾಡಿನ ತುಸು ನಂತರದ ಕಥೆ ಕ್ಲಾಕ್ಟನ್ ಬಳಿಯ ಜೇವಿಕ್‌ನದು. 1928ರಲ್ಲಿ ಫ್ರಾಂಕ್ ಸ್ಟೆಡ್‌ಮನ್ ಎಂಬ ಉದ್ಯಮಿ ಅಲ್ಲಿನ ಜೌಗು ನೆಲವನ್ನು ಕೊಂಡರು. ಒಳಚರಂಡಿಯ ಕಾರಣದಿಂದ ಕಾಯಂ ಮನೆಗಳಿಗೆ ಒಪ್ಪಿಗೆ ಸಿಗುವುದು ಕಷ್ಟವಾದಾಗ, ರಜೆಯಲ್ಲಿ ಉಳಿಯುವ ಪುಟ್ಟ ಮರದ ಮನೆಗಳಿಗೆಂದು ಸೈಟು ಮಾರಿದರು. ಗಿರಾಕಿಗಳಲ್ಲಿ ಕಾರ್ಖಾನೆಯ ಕೆಲಸಗಾರರು, ಅದರಲ್ಲೂ ಮೋಟಾರು ಕೆಲಸಗಾರರು ಹೆಚ್ಚಾಗಿದ್ದರು. ಬ್ರೂಕ್‌ಲ್ಯಾಂಡ್ಸ್ ಎಂಬ ಅಲ್ಲಿನ ಬಡಾವಣೆಯ ಬೀದಿಗಳಿಗೆ ಬೆಂಟ್ಲಿ, ಆಸ್ಟಿನ್, ಹಿಲ್‌ಮನ್, ಸನ್‌ಬೀಮ್, ಹಂಬರ್ ಎಂದು ಕಾರುಗಳ ಹೆಸರನ್ನೇ ಇಟ್ಟಿದ್ದಾರೆ. ಮೇಲಿನಿಂದ ನೋಡಿದರೆ ಬಡಾವಣೆಯ ನಕ್ಷೆಯೂ ಹಳೆಯ ಕಾರಿನ ಮುಂಭಾಗದ ಜಾಲರಿಯಂತಿದೆ. ಸ್ವಂತ ಕಾರು ಕೊಳ್ಳಲಾಗದವರು ಬೆಂಟ್ಲಿ ಅವೆನ್ಯೂದಲ್ಲಿ ಮನೆ ಮಾಡಿದರು ಎಂಬ ತಮಾಷೆಯನ್ನು ನಾನು ಆ ಕಡೆಯ ರೋಗಿಗಳ ಬಾಯಲ್ಲೇ ಕೇಳಿದ್ದೇನೆ.

ರೈಲು ಬೋಗಿಗಳನ್ನೇ ಮನೆ ಮಾಡಿಕೊಂಡಿದ್ದ ಊರು ಇಂಗ್ಲೆಂಡಿನಲ್ಲಿತ್ತಂತೆ, ನಿಜವೇ? — ವಿದ್ಯಾರ್ಥಿನಿ, ಹುಬ್ಬಳ್ಳಿ

ರೈಲ್ವೆ ಊರಿನವರಾದ ನಿಮಗೆ ಈ ಪ್ರಶ್ನೆ ಹೊಳೆದದ್ದು ಸಹಜವೇ. ಒಂದಲ್ಲ, ಹಲವು ಊರುಗಳಿದ್ದವು. ಸಸೆಕ್ಸ್‌ನ ಸೆಲ್ಸಿ, ಪೇಗಮ್, ಕೆಂಟ್‌ನ ಡಂಜನೆಸ್, ಇವೆಲ್ಲದಕ್ಕಿಂತ ಹೆಸರಾಗಿದ್ದದ್ದು ಶೋರಮ್ ಬಂದರಿನ ಎದುರಿಗೆ ಬೆಣಚುಕಲ್ಲಿನ ದಿಬ್ಬದ ಮೇಲೆ ಹಬ್ಬಿದ್ದ 'ಬಂಗಲೋ ಟೌನ್'. ರೈಲ್ವೆ ಕಂಪನಿ ಬದಿಗಿಟ್ಟ ಹಳೆಯ ಬೋಗಿಗಳನ್ನು, ಚಕ್ರ ಬಿಚ್ಚಿದ ಬರಿಯ ಮರದ ಒಡಲನ್ನು, ಅಗ್ಗಕ್ಕೆ ಕೊಂಡು, ಇಳಿತದ ಹೊತ್ತಿನಲ್ಲಿ ಕುದುರೆ ಹೂಡಿ ಕೆಸರಿನ ಮೇಲೆ ಎಳೆಸಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಎರಡು ಬೋಗಿಗಳನ್ನು ನಡುವೆ ಜಾಗ ಬಿಟ್ಟು ಒಂದಕ್ಕೊಂದು ಎದುರಾಗಿ ಇಟ್ಟು, ಆ ಜಾಗದ ಮೇಲೆ ತಗಡಿನ ಮಾಡು ಹೊದಿಸಿದರೆ ನಡುಮನೆ ಸಿದ್ಧ. ಬೋಗಿಯೊಳಗಿನ ಒಂದೊಂದು ಕಂಪಾರ್ಟ್‌ಮೆಂಟೂ ಒಂದೊಂದು ಮಲಗುವ ಕೋಣೆ. ಸಮುದ್ರದ ಕಡೆಗೆ ಜಗುಲಿ. ಲಂಡನ್ನಿನ ರಂಗಭೂಮಿಯ ನಟನಟಿಯರು ಇಲ್ಲಿ ಮನೆ ಮಾಡಿದ ಮೇಲೆ ಊರಿಗೆ ಕಳೆ ಬಂತು. ಶುಭ್ರವಾದ ಬಿಸಿಲು ದಿನದ ಬಹುಹೊತ್ತು ಸಿಗುತ್ತದೆಂದು ಮೂಕಿಚಿತ್ರ ತೆಗೆಯುವವರೂ ಬಂದು ಗಾಜಿನ ಸ್ಟುಡಿಯೋ ಕಟ್ಟಿದ್ದರು.

1940ರಲ್ಲಿ ಜರ್ಮನ್ ಸೇನೆ ಈ ದಂಡೆಗೇ ಬಂದಿಳಿದೀತೆಂಬ ಭಯದಿಂದ ಸೇನೆಯವರು ನಿವಾಸಿಗಳನ್ನು ಅವಸರವಸರವಾಗಿ ಹೊರಡಿಸಿ, ಬಹುತೇಕ ಮನೆಗಳನ್ನು ಕೆಡವಿಬಿಟ್ಟರು. ಯುದ್ಧ ಮುಗಿದ ಮೇಲೆ ಎದ್ದದ್ದು ಇಟ್ಟಿಗೆಯ ಮಾಮೂಲಿ ಬಡಾವಣೆ. ಅಲ್ಲೊಂದು ಇಲ್ಲೊಂದು ಬೋಗಿ ಮಾತ್ರ ಹೊಸ ಗೋಡೆಗಳ ಒಳಗೆ ಹುದುಗಿಕೊಂಡು ಉಳಿದಿದೆ. ಅಂಥದೊಂದು ಮನೆಗೆ ಕೆಮ್ಮಿನ ರೋಗಿಯನ್ನು ನೋಡಲು ಹೋಗಿದ್ದೆ. ಹೊರಗಿನಿಂದ ಯಾವ ಸುಳಿವೂ ಇರಲಿಲ್ಲ. ಮಲಗುವ ಕೋಣೆಯಲ್ಲಿ ಗಾಳಿಯಾಡಲಿ, ಕಿಟಕಿ ತೆಗೆಯಿರಿ ಎಂದಾಗ ಆಕೆ ಚೌಕಟ್ಟಿನ ಕೆಳಗೆ ಜೋತಾಡುತ್ತಿದ್ದ ಅಗಲವಾದ ಚರ್ಮದ ಪಟ್ಟಿಯನ್ನು ಹಿಡಿದು ಮೇಲಕ್ಕೆಳೆದು, ಹಿತ್ತಾಳೆಯ ಗೂಟದಿಂದ ಬಿಡಿಸಿ, ಗಾಜನ್ನು ಮೆಲ್ಲನೆ ಬಾಗಿಲಿನೊಳಕ್ಕೆ ಇಳಿಬಿಟ್ಟು, ಬೇಕಾದ ಮಟ್ಟಕ್ಕೆ ಬಂದಾಗ ಪಟ್ಟಿಯ ಇನ್ನೊಂದು ತೂತನ್ನು ಅದೇ ಗೂಟಕ್ಕೆ ಸಿಕ್ಕಿಸಿದರು. ಹಳೆಯ ಇಂಗ್ಲಿಷ್ ರೈಲುಗಳ ಕಿಟಕಿ ಕೆಲಸ ಮಾಡುತ್ತಿದ್ದುದೇ ಹಾಗೆ. ಕೈ ತಾಗಿ ತಾಗಿ ಸವೆದು ತೂತುಗಳ ಅಂಚು ಕಪ್ಪಾಗಿ ಹೊಳೆಯುತ್ತಿತ್ತು.

ಅಲ್ಲಿ ಬೆಳೆದವರು ನಿಮಗೆ ಹೇಳಿದ ನೆನಪುಗಳನ್ನು ಸ್ವಲ್ಪ ವಿವರವಾಗಿ ಬರೆಯಿರಿ. ನೀರು, ದೀಪ, ಅಡುಗೆ, ಕಕ್ಕಸು, ಇವುಗಳ ವ್ಯವಸ್ಥೆ ಹೇಗಿತ್ತು? ವಾಸ್ತುಶಿಲ್ಪಿಗಳ ಹೆಸರಿಗಿಂತ ನಮಗೆ ಇದು ಬೇಕು. — ಗೃಹಿಣಿಯೊಬ್ಬರು, ಸಾಗರ

ನೀವು ಕೇಳಿದ್ದು ಸರಿಯಾಗಿದೆ. ಎಸೆಕ್ಸ್‌ನ ಸೈಟುಗಳಲ್ಲಿ ಮೊದಲು ಬರುತ್ತಿದ್ದದ್ದು ಒಂದು ಡೇರೆ ಅಥವಾ ಗುಡಿಸಲು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಅಪ್ಪ ಲಂಡನ್ನಿನಿಂದ ಹೊರಡುವಾಗ ಹಲಗೆ, ಹಳೆಯ ಬಾಗಿಲು, ಕಿಟಕಿಯ ಚೌಕಟ್ಟು, ಮೊಳೆಯ ಪೊಟ್ಟಣ ಹೀಗೆ ಏನಾದರೊಂದು ರೈಲಿನಲ್ಲಿ ಹೊತ್ತು ತರುತ್ತಿದ್ದರು. ನಿಲ್ದಾಣದಿಂದ ಸೈಟಿನವರೆಗೆ ಅದನ್ನು ಮಗುವಿನ ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಗಾಡಿಯಲ್ಲಿದ್ದ ಮಗು ನಡೆದುಕೊಂಡು ಬರಬೇಕಾಗುತ್ತಿತ್ತು ಎಂದು ಹಾಗೆ ನಡೆದ ಮಗುವೇ, ಎಂಬತ್ತು ದಾಟಿದ ಮೇಲೆ, ನನಗೆ ದೂರುವ ದನಿಯಲ್ಲಿ ಹೇಳಿದ್ದುಂಟು. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದವರು ನಾರ್ವಿಚ್‌ನ ಬೌಲ್ಟನ್ ಅಂಡ್ ಪಾಲ್‌ನಂಥ ಕಂಪನಿಗಳ ಕ್ಯಾಟಲಾಗು ನೋಡಿ ಬಿಡಿಬಿಡಿಯಾಗಿ ಬರುವ ಮನೆಯನ್ನು ತರಿಸಿಕೊಂಡು ಜೋಡಿಸುತ್ತಿದ್ದರು.

ನೀರಿಗೆ ಮಾಡಿನ ದೋಣಿಯಿಂದ ಇಳಿಯುವ ಮಳೆನೀರಿನ ಪೀಪಾಯಿ. ಕುಡಿಯುವುದಕ್ಕೆ ರಸ್ತೆಯ ಮೂಲೆಯ ನಲ್ಲಿಯಿಂದ ಬಕೆಟ್ಟಿನಲ್ಲಿ ಹೊತ್ತದ್ದು. ಅಡುಗೆ ಪಂಪ್ ಸ್ಟೌವಿನ ಮೇಲೆ. ಬೆಳಕು ಸೀಮೆಎಣ್ಣೆಯದು, ಮತ್ತು ದೀಪದ ಗಾಜನ್ನು ಹಳೆಯ ಪತ್ರಿಕೆಯ ಹಾಳೆಯಿಂದ ತಿಕ್ಕಿ ಬೆಳಗುವ ಕೆಲಸ ಮಕ್ಕಳದ್ದೇ. ವಿದ್ಯುತ್ತಿಲ್ಲದ ಮನೆಯಲ್ಲಿ ರೇಡಿಯೋ ನಡೆಯುತ್ತಿದ್ದುದು ಆಮ್ಲ ತುಂಬಿದ ಗಾಜಿನ ಬ್ಯಾಟರಿಯಿಂದ. ಅದನ್ನು ವಾರಕ್ಕೊಮ್ಮೆ ಅಂಗಡಿಗೆ ಒಯ್ದು ಚಾರ್ಜು ಮಾಡಿಸಬೇಕಿತ್ತು, ದಾರಿಯಲ್ಲಿ ತುಳುಕಿದರೆ ಕಾಲುಚೀಲ ತೂತಾಗುತ್ತಿತ್ತು. ಕಕ್ಕಸು ತೋಟದ ತುದಿಯ ಮರದ ಗೂಡಿನಲ್ಲಿ. ರಾಸಾಯನಿಕ ದ್ರವ ಸುರಿದ ಬಕೆಟ್ಟು ತುಂಬಿದಾಗ ತೋಟದಲ್ಲೇ ಗುಂಡಿ ತೋಡಿ ಹೂಳುವುದು ಮನೆಯ ಯಜಮಾನನ ಪಾಲಿನ ಕೆಲಸವಾಗಿತ್ತು. ಆ ಗುಂಡಿಗಳ ಮೇಲೆ ಬೆಳೆದ ಗುಲಾಬಿಯಷ್ಟು ದೊಡ್ಡ ಗುಲಾಬಿಯನ್ನು ಮತ್ತೆಲ್ಲೂ ಕಾಣಲಿಲ್ಲವೆಂದು ಹಲವರು ಹೇಳಿಕೊಂಡು ನಗುತ್ತಿದ್ದರು.

ಕೆಸರಿನ ವಿಷಯವನ್ನು ಬಿಡುವಂತಿಲ್ಲ. ಮಣ್ಣು ರಸ್ತೆಗಳು ಚಳಿಗಾಲದಲ್ಲಿ ಮೊಳಕಾಲುದ್ದ ಹೂಳಾಗುತ್ತಿದ್ದವು. ಲಂಡನ್ನಿಗೆ ದಿನವೂ ಕೆಲಸಕ್ಕೆ ಹೋಗುವವರು ರಬ್ಬರ್ ಬೂಟು ಹಾಕಿಕೊಂಡು ನಿಲ್ದಾಣದವರೆಗೆ ಬಂದು, ಅಲ್ಲಿ ಬೂಟು ಬಿಚ್ಚಿಟ್ಟು, ಚೀಲದಲ್ಲಿದ್ದ ಪಾಲಿಶ್ ಮಾಡಿದ ಷೂ ಹಾಕಿಕೊಂಡು ರೈಲು ಹತ್ತುತ್ತಿದ್ದರು. ಸಂಜೆ ಬಂದಾಗ ಅದೇ ಬೂಟು ಅದೇ ಜಾಗದಲ್ಲಿ ಕಾಯುತ್ತಿರುತ್ತಿತ್ತು.

ಗೋಡೆಗಳು ತೆಳುವಾದ ಕಲ್ನಾರಿನ ಸಿಮೆಂಟ್ ಶೀಟಿನವು ಅಥವಾ ಹಲಗೆಯವು. ಚಳಿಗಾಲದಲ್ಲಿ ಸೀಮೆಎಣ್ಣೆಯ ಹೀಟರು ಹಚ್ಚಿದರೆ ಗೋಡೆಯೆಲ್ಲ ಬೆವರಿ, ಹಾಸಿಗೆ ಬಟ್ಟೆಗಳಿಗೆ ಮುಗ್ಗಲು ವಾಸನೆ ಹತ್ತುತ್ತಿತ್ತು. ಅವರ ಎದೆಗೂಡಿನ ಕಾಯಿಲೆಗಳ ಇತಿಹಾಸ ಬರೆದುಕೊಳ್ಳುವಾಗ ನಾನು ಈ ಹೀಟರಿನ ಬಗ್ಗೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ. ಇಷ್ಟೆಲ್ಲ ಇದ್ದೂ ಅವರಲ್ಲಿ ಯಾರೂ ಅದನ್ನು ಬಡತನದ ನೆನಪಾಗಿ ಹೇಳಲಿಲ್ಲ. ಲಂಡನ್ನಿನಲ್ಲಿ ಅವರಿದ್ದದ್ದು ಎರಡು ಬಾಡಿಗೆ ಕೋಣೆಗಳಲ್ಲಿ, ಮಾಲೀಕನ ಮರ್ಜಿಯಲ್ಲಿ. ಇಲ್ಲಿ ಕ್ರಯಪತ್ರ ಅಪ್ಪನ ಹೆಸರಿನಲ್ಲಿತ್ತು, ಕೋಳಿ ಸಾಕಬಹುದಿತ್ತು, ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳತೊಡಗಿದಾಗ ವಾರಾಂತ್ಯದ ಗುಡಿಸಲೇ ಅನೇಕ ಸಂಸಾರಗಳಿಗೆ ಕಾಯಂ ಮನೆಯಾಯಿತು. ಆ ಬಂಗಲೆಗಳ ಬೆಲೆ ಅವರಿಗೆ ಸರಿಯಾಗಿ ಅರಿವಾದದ್ದು ಆಗಲೇ ಎಂದು ನನಗೆ ತೋರುತ್ತದೆ.

ಇಂಗ್ಲಿಷರು ತಮ್ಮ ಬಂಗಲೆಗಳನ್ನು ತಾವೇ ಗೇಲಿ ಮಾಡುವುದನ್ನು ಓದಿದ್ದೇನೆ. ಕಾರಣವೇನು? — ನಿವೃತ್ತ ಉಪನ್ಯಾಸಕರು, ಧಾರವಾಡ

ಇದಕ್ಕೆ ಬ್ರೈಟನ್‌ಗೆ ಪೂರ್ವದಲ್ಲಿ ಬಂಡೆಯ ನೆತ್ತಿಯ ಮೇಲಿರುವ ಪೀಸ್‌ಹೇವನ್ ಊರಿನ ಉದಾಹರಣೆ ಸಾಕು. 1916ರಲ್ಲಿ ಚಾರ್ಲ್ಸ್ ನೆವಿಲ್ ಎಂಬ ವ್ಯವಹಾರಸ್ಥರು ಹೊಸ ಊರಿಗೆ ಹೆಸರು ಸೂಚಿಸಿರೆಂದು ಪತ್ರಿಕೆಗಳಲ್ಲಿ ಸ್ಪರ್ಧೆ ಏರ್ಪಡಿಸಿದರು. ಯುದ್ಧದಲ್ಲಿದ್ದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರನ್ನು (ಆನ್‌ಜ್ಯಾಕ್) ನೆನೆಯುವ 'ನ್ಯೂ ಆನ್‌ಜ್ಯಾಕ್ ಆನ್ ಸೀ' ಎಂಬ ಹೆಸರು ಗೆದ್ದಿತು. ಮರುವರ್ಷವೇ ಅದನ್ನು ಕೈಬಿಟ್ಟು ಪೀಸ್‌ಹೇವನ್ ಎಂದು ಬದಲಿಸಿದರು. ಸಮಾಧಾನಕರ ಬಹುಮಾನವೆಂದು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಪುಕ್ಕಟೆ ಸೈಟು ಘೋಷಿಸಿದರು, ಆದರೆ ಕ್ರಯಪತ್ರದ ಖರ್ಚೆಂದು ತಲಾ ಮೂರು ಗಿನಿ, ಎಂದರೆ ಮೂರು ಪೌಂಡಿಗೆ ತುಸು ಹೆಚ್ಚು, ಕೊಡಬೇಕಿತ್ತು. ಇದು ಮೋಸವೆಂದು 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆ ಹಿಂದೆ ಬಿದ್ದು, ವ್ಯಾಜ್ಯ ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಊರಿಗೆ ಮಾತ್ರ ಖರ್ಚಿಲ್ಲದ ಪ್ರಚಾರ ಸಿಕ್ಕಿತು. ಹುಲ್ಲುಗಾವಲಿನ ಮೇಲೆ ಚೌಕಾಬಾರದ ಮನೆಯಂತೆ ಗೆರೆ ಎಳೆದ ಬೀದಿಗಳು, ಒಂದರಂತೆ ಇನ್ನೊಂದಿರದ ಪುಟ್ಟ ಬಂಗಲೆಗಳು. ನಿಸರ್ಗಪ್ರಿಯರಿಗೂ ಸುಶಿಕ್ಷಿತರಿಗೂ ಇದು ಕಣ್ಣಿನ ಕಸವಾಯಿತು. ಗ್ರಾಮೀಣ ಇಂಗ್ಲೆಂಡಿನ ಸಂರಕ್ಷಣೆಗೆಂದು 1926ರಲ್ಲಿ ಹುಟ್ಟಿದ ಮಂಡಳಿಯ ಕೋಪಕ್ಕೆ ಇಂಥ ಬಂಗಲೆಗಳೇ ಗುರಿ. 1935ರಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲಿ ಮನೆ ಸಾಲು ಬೆಳೆಯದಂತೆ ಒಂದು ಕಾಯ್ದೆ ಬಂತು. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ ಬಂದ ಮೇಲೆ ಅನುಮತಿಯಿಲ್ಲದೆ ತನ್ನ ಜಾಗದಲ್ಲಿ ತಾನು ಮನೆ ಕಟ್ಟಿಕೊಳ್ಳುವ ಕಾಲ ಮುಗಿಯಿತು. 1949ರಲ್ಲಿ ಬ್ಯಾಸಿಲ್ಡನ್ ಎಂಬ ಹೊಸ ಪಟ್ಟಣ ಕಟ್ಟಲು ಹೊರಟ ಸರ್ಕಾರ, ನಾನು ಮೇಲೆ ವಿವರಿಸಿದ ಎಸೆಕ್ಸ್ ಸೈಟುಗಳಲ್ಲಿ ಸಾವಿರಾರನ್ನು ಭೂಸ್ವಾಧೀನ ಮಾಡಿಕೊಂಡಿತು.

ಟೀಕಾಕಾರರ ಮಾತಿನಲ್ಲಿ ಸತ್ಯವಿರಲಿಲ್ಲವೆನ್ನಲಾರೆ. ಒಳಚರಂಡಿಯಿಲ್ಲದ ಊರು ಚೆಲುವೆನ್ನಲು ವೈದ್ಯನ ಮನಸ್ಸು ಒಪ್ಪದು. ಆದರೆ ವೆಸ್ಟ್‌ಗೇಟ್, ಬರ್ಚಿಂಗ್ಟನ್‌ಗಳಲ್ಲಿ ಕವಿಗಳೂ ವೈದ್ಯರೂ ಬಂಗಲೆಗಳಿಗೆ ಬಂದಾಗ ಯಾರಿಗೂ ಕಡಲತೀರ ಹಾಳಾಯಿತೆನಿಸಲಿಲ್ಲ, ಬಸ್ ಚಾಲಕ ಕಟ್ಟಿದಾಗ ಅನ್ನಿಸಿತು ಎಂಬುದನ್ನೂ ಮರೆಯಬಾರದು. ಗೇಲಿಯ ಅರ್ಧ ಭಾಗ ಮನೆಯ ಬಗ್ಗೆಯಲ್ಲ, ಮನೆಯೊಳಗಿದ್ದವರ ಬಗ್ಗೆ.

ಆ ಮನೆಗಳಿಗೆ ನಮ್ಮಂತೆ 'ಮಾತೃಕೃಪಾ', 'ಶ್ರೀನಿಲಯ' ಎಂದು ಹೆಸರಿಡುತ್ತಿದ್ದರೇ? — ಓದುಗರೊಬ್ಬರು, ತುಮಕೂರು

ಹೆಸರಿಲ್ಲದ ಬಂಗಲೆಯೇ ಅಪರೂಪ. ಅಲೆದಾಟ ಸಾಕಾಯಿತು ಎಂಬರ್ಥದ 'ಡನ್‌ರೋಮಿನ್', ಕಡಲು ಕಂಡರೂ ಕಾಣದಿದ್ದರೂ 'ಸೀ ವ್ಯೂ', ಗಂಡಹೆಂಡಿರ ಹೆಸರುಗಳ ಅರ್ಧರ್ಧ ಕೂಡಿಸಿದ ಹೆಸರುಗಳು. ಭಾರತದಲ್ಲಿ ನೌಕರಿ ಮಾಡಿ ಮರಳಿದವರ ಗೇಟಿನ ಮೇಲೆ 'ಸಿಮ್ಲಾ' ಎಂದಿರುವುದನ್ನೂ ನೋಡಿದ್ದೇನೆ.

ಹಳ್ಳಿಗಳಲ್ಲಿಯೂ ಬಂಗಲೆಗಳಿದ್ದವೇ ಅಥವಾ ಕಡಲತೀರದಲ್ಲಿ ಮಾತ್ರವೇ? — ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯರು, ಹಾಸನ ಜಿಲ್ಲೆ

ಇದ್ದವು, ಆದರೆ ಕಥೆ ಬೇರೆ. ಯುದ್ಧದಲ್ಲಿ ಮನೆ ಕಳೆದುಕೊಂಡವರಿಗೂ ಮರಳಿದ ಸೈನಿಕರಿಗೂ ಎಂದು 1944ರ ಕಾಯ್ದೆಯಡಿ ಸರ್ಕಾರ ಕಾರ್ಖಾನೆಯಲ್ಲಿ ತಯಾರಾದ 'ಪ್ರಿಫ್ಯಾಬ್' ಬಂಗಲೆಗಳನ್ನು ದೇಶದಾದ್ಯಂತ ನಿಲ್ಲಿಸಿತು. 1949ರ ಹೊತ್ತಿಗೆ ಒಂದೂವರೆ ಲಕ್ಷ ದಾಟಿದ್ದವು. ಹತ್ತು ವರ್ಷ ಬಾಳಿದರೆ ಸಾಕೆಂದು ಮಾಡಿದವುಗಳಲ್ಲಿ ಅನೇಕವು ದಶಕಗಟ್ಟಲೆ ಬಾಳಿದವು. ಅವುಗಳಲ್ಲಿ ಸ್ನಾನದ ಮನೆ, ಬಿಸಿನೀರು, ಫ್ರಿಜ್ಜು ಇದ್ದವೆಂಬುದು ಅಂದಿನ ದುಡಿಯುವ ಕುಟುಂಬಗಳಿಗೆ ಅಚ್ಚರಿಯ ಸಂಗತಿ. ಇವಲ್ಲದೆ ಸ್ಥಳೀಯ ಕೌನ್ಸಿಲ್‌ಗಳು ಹಳ್ಳಿಯ ಅಂಚಿನಲ್ಲಿ ಹಿರಿಯರಿಗೆಂದು ಪುಟ್ಟ ಬಂಗಲೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಕೊಡುತ್ತಿದ್ದವು. ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರಿಗೇ ಮಾರಲು 1980ರ ಕಾಯ್ದೆ ಅವಕಾಶ ಕೊಟ್ಟಾಗ, ಹಿರಿಯರಿಗೇ ತಕ್ಕುದಾದ ಕೆಲವು ಮನೆಗಳನ್ನು ಮಾರಾಟದಿಂದ ಹೊರಗಿಟ್ಟಿತ್ತು.

1953ರ ಪ್ರವಾಹದಲ್ಲಿ ಬಂಗಲೆಗಳಲ್ಲಿದ್ದವರೇ ಹೆಚ್ಚು ಸತ್ತರಂತೆ. ಯಾಕೆ ಹಾಗಾಯಿತು? — ಓದುಗರೊಬ್ಬರು, ಕಾರವಾರ

ಜನವರಿ 31ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ಭರತದ ನೀರನ್ನು ಇಂಗ್ಲೆಂಡಿನ ಪೂರ್ವ ತೀರದ ಮೇಲೆ ನೂಕಿತು. ಇಂಗ್ಲೆಂಡಿನ ನೆಲದಲ್ಲಿ 307 ಜನ ಸತ್ತರು. ನೆದರ್‌ಲ್ಯಾಂಡ್ಸ್‌ನಲ್ಲಿ 1,800ಕ್ಕೂ ಹೆಚ್ಚು. ಉತ್ತರದ ಊರುಗಳಲ್ಲಿ ನೀರು ಸಂಜೆಯೇ ಏರಿದರೂ ದಕ್ಷಿಣದ ಊರುಗಳಿಗೆ ಮುನ್ಸೂಚನೆ ತಲುಪಲಿಲ್ಲ. ಕ್ಯಾನ್ವಿ ದ್ವೀಪದಲ್ಲಿ ಐವತ್ತಕ್ಕೂ ಹೆಚ್ಚು, ಜೇವಿಕ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಜೀವ ಹೋಯಿತು. ಜೇವಿಕ್‌ನವರು ಕಣ್ಣಿಟ್ಟಿದ್ದದ್ದು ಎದುರಿನ ಕಡಲಿನ ಮೇಲೆ, ನೀರು ನುಗ್ಗಿದ್ದು ಹಿಂದಿನ ಜೌಗಿನ ಕಡೆಯಿಂದ. ಚಳಿಗಾಲವಾದ್ದರಿಂದ ರಜೆಯವರು ಇರಲಿಲ್ಲ. ಅಲ್ಲೇ ನೆಲೆಸಿದ್ದ ಹಿರಿಯರಿದ್ದರು. ಮನೆಗೆ ಮಹಡಿಯಿಲ್ಲ, ಹತ್ತಲು ಮೆಟ್ಟಿಲಿಲ್ಲ, ಕತ್ತಲು, ಮಂಜಿನಂಥ ನೀರು. ಮೇಜಿನ ಮೇಲೆ ಕುರ್ಚಿಯಿಟ್ಟು ನಿಂತವರೂ ಮಾಡು ಒಡೆದು ಮೇಲೆ ಹತ್ತಿದವರೂ ಉಳಿದರು. ಹಾಗೆ ಉಳಿದವರಲ್ಲಿ ಕೆಲವರು ಬೆಳಗಾಗುವುದರೊಳಗೆ ಚಳಿಯಿಂದಲೇ ಸತ್ತರು.

ನಾರ್ಫೋಕ್‌ನ ಹನ್‌ಸ್ಟಂಟನ್ನಿನಲ್ಲಿ ಅದೇ ಸಂಜೆ ಕಿಂಗ್ಸ್ ಲಿನ್‌ಗೆ ಹೊರಟ ರೈಲಿಗೆ, ನೀರಿನಲ್ಲಿ ತೇಲಿಬಂದ ಇಡೀ ಒಂದು ಬಂಗಲೆ ಡಿಕ್ಕಿ ಹೊಡೆಯಿತು. ಅಲ್ಲಿನ ಸೌತ್ ಬೀಚ್ ರಸ್ತೆಯ ಬಂಗಲೆಗಳ ಮಾಡಿನ ಮೇಲೆ ಸಿಕ್ಕಿಕೊಂಡಿದ್ದವರಲ್ಲಿ 27 ಜನರನ್ನು ರೀಸ್ ಲೆಮಿಂಗ್ ಎಂಬ 22 ವರ್ಷದ ಅಮೆರಿಕನ್ ವಾಯುಪಡೆಯ ಯುವಕ ರಬ್ಬರ್ ದೋಣಿಯನ್ನು ಎದೆಮಟ್ಟದ ನೀರಿನಲ್ಲಿ ತಳ್ಳಿಕೊಂಡು ಹೋಗಿ ಕಾಪಾಡಿದ. ಅವನಿಗೆ ಈಜು ಬರುತ್ತಿರಲಿಲ್ಲ. ಜಾರ್ಜ್ ಪದಕ ಕೊಟ್ಟು ಅವನನ್ನು ಗೌರವಿಸಿದರು.

ಕೊನೆಗಾಲಕ್ಕೆ ಕಡಲತಡಿಯ ಬಂಗಲೆಯಲ್ಲಿ ನೆಮ್ಮದಿಯಾಗಿರುವುದು ಅಲ್ಲಿನವರ ಕನಸಂತೆ. ವೈದ್ಯರಾಗಿ ನಿಮಗೆ ಏನನ್ನಿಸಿತು? — ಓದುಗರೊಬ್ಬರು, ಮೈಸೂರು

ಮಂಡಿ ನೋವಿನವರಿಗೂ ಪಾರ್ಶ್ವವಾಯು ಬಡಿದವರಿಗೂ ಮೆಟ್ಟಿಲಿಲ್ಲದ ಮನೆಗಿಂತ ಒಳ್ಳೆಯ ಮನೆಯಿಲ್ಲ. ಆದರೆ ಕಷ್ಟ ಮನೆಯಲ್ಲಿರಲಿಲ್ಲ, ಅದಿದ್ದ ಜಾಗದಲ್ಲಿತ್ತು. ಪ್ರತಿ ಆಗಸ್ಟಿನಲ್ಲಿ ರಜೆಗೆ ಬಂದು ಮೆಚ್ಚಿದ ಊರಿಗೆ ನಿವೃತ್ತಿಯ ನಂತರ ದಂಪತಿಗಳು ಬಂದು ನೆಲೆಸುತ್ತಾರೆ. ಆಗಸ್ಟಿನ ಊರನ್ನು ಬಲ್ಲವರಿಗೆ ಫೆಬ್ರುವರಿಯ ಊರು ಗೊತ್ತಿರುವುದಿಲ್ಲ. ಗಂಡ ಮೊದಲು ತೀರಿಕೊಳ್ಳುತ್ತಾನೆ, ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲ, ಬಸ್ಸಿನ ಸಂಖ್ಯೆ ಕಡಿಮೆಯಾಗುತ್ತದೆ, ಮಕ್ಕಳೂ ಹಳೆಯ ನೆರೆಹೊರೆಯೂ ಲಂಡನ್ನಿನಲ್ಲೇ ಉಳಿದಿರುತ್ತದೆ. ಅಕ್ಕಪಕ್ಕದವರೂ ಅದೇ ವಯಸ್ಸಿನವರಾದ್ದರಿಂದ ಒಬ್ಬರಿಗೊಬ್ಬರು ಎಷ್ಟು ಆಸರೆಯಾದಾರು? ರಕ್ತದೊತ್ತಡ ನೋಡಲು ಹೋದ ನನಗೆ ಚಹಾ ಕುಡಿದೇ ಹೋಗಬೇಕೆಂದು ಹಿಡಿದು ಕೂರಿಸುತ್ತಿದ್ದವರ ಮನೆಗಳನ್ನು ನಾನು ದಿನದ ಸುತ್ತಿನಲ್ಲಿ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ, ಅವಸರ ಮಾಡಬೇಕಾಗದಿರಲಿ ಎಂದು. ಜೇವಿಕ್‌ನ ಒಂದು ಭಾಗವನ್ನು 2010, 2015 ಮತ್ತು 2019ರ ಸರ್ಕಾರಿ ಪಟ್ಟಿಗಳು ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಪ್ರದೇಶವೆಂದು ಗುರುತಿಸಿವೆ. ಅಲ್ಲಿನವರು ಆ ಪಟ್ಟಿಯನ್ನು ಒಪ್ಪುವುದಿಲ್ಲ. ತಮ್ಮಲ್ಲಿರುವಷ್ಟು ನೆರೆಹೊರೆಯ ಅಕ್ಕರೆ ಬೇರೆಡೆ ತೋರಿಸಿ ಎನ್ನುತ್ತಾರೆ. ಎರಡೂ ಮಾತು ನಿಜವಿರಬಹುದು.

ಇಂಗ್ಲೆಂಡಿನಲ್ಲಿರುವ ನಮ್ಮ ಮಗಳು, ಅಳಿಯ ನಾರ್ಫೋಕ್ ಕರಾವಳಿಯಲ್ಲಿ ಅಗ್ಗಕ್ಕೆ ಬಂದಿರುವ ಬಂಗಲೆ ಕೊಳ್ಳಬೇಕೆಂದಿದ್ದಾರೆ. ನಾವು ಉಳ್ಳಾಲದ ಕಡಲ್ಕೊರೆತ ಕಂಡವರು, ಭಯವಾಗುತ್ತದೆ. — ತಾಯಿಯೊಬ್ಬರು, ಮಂಗಳೂರು

ನಿಮ್ಮ ಭಯ ಅಕಾರಣವಲ್ಲ. ಅಗ್ಗವಾಗಿದ್ದರೆ ಏಕೆ ಅಗ್ಗವೆಂದು ಮೊದಲು ಕೇಳಬೇಕು. ನಾರ್ಫೋಕ್‌ನ ಹೆಮ್ಸ್‌ಬಿಯಲ್ಲಿ ಮರಳುದಿಬ್ಬದ ಮೇಲಿದ್ದ ಬಂಗಲೆಗಳಲ್ಲಿ ಹಲವು 2013ರ ಡಿಸೆಂಬರ್ 5ರ ರಾತ್ರಿ ಸಮುದ್ರಪಾಲಾದವು. 2018ರಲ್ಲಿಯೂ ಆಮೇಲೆಯೂ ಇನ್ನಷ್ಟು ಹೋದವು. ಹ್ಯಾಪಿಸ್‌ಬರ್ಗ್‌ನ ಕಡಲ ಬದಿಯ ರಸ್ತೆಯೊಂದರಲ್ಲಿ ಸಾಲು ಮನೆಗಳೇ ಇಲ್ಲವಾಗಿವೆ.

ಇಂಗ್ಲೆಂಡಿನ ಕರಾವಳಿಯ ಪ್ರತಿ ಭಾಗಕ್ಕೂ ತೀರ ನಿರ್ವಹಣಾ ಯೋಜನೆಯೊಂದಿದೆ. ಆ ಜಾಗದಲ್ಲಿ ತಡೆಗೋಡೆಯನ್ನು ಉಳಿಸಿಕೊಳ್ಳುತ್ತಾರೋ, ದಡವನ್ನು ಹಿಂದಕ್ಕೆ ಸರಿಯಗೊಡುತ್ತಾರೋ, ಏನೂ ಮಾಡದೆ ಬಿಡುತ್ತಾರೋ ಎಂಬುದು ಅದರಲ್ಲಿ ಬರೆದಿರುತ್ತದೆ. ಸ್ಥಳೀಯ ಕೌನ್ಸಿಲ್‌ನಲ್ಲಿ ಯಾರೂ ನೋಡಬಹುದು. ಕೊರೆತದಿಂದ ಮನೆ ಹೋದರೆ ಸರ್ಕಾರದ ಪರಿಹಾರವಿಲ್ಲ, ಕೆಡವುವ ಖರ್ಚಿಗೆಂದು ಅಲ್ಪ ನೆರವು ಸಿಗಬಹುದು. ಸಾಮಾನ್ಯ ಮನೆ ವಿಮೆಯೂ ಇದನ್ನು ಒಳಗೊಳ್ಳುವುದಿಲ್ಲ. ಇಂಥ ಮನೆಗೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಎಂದರೆ ನಾಳೆ ಮಾರುವುದೂ ಕಷ್ಟ. ಕೆಲವು ತಾಣಗಳಲ್ಲಿ ವರ್ಷದ ಕೆಲವೇ ತಿಂಗಳು ವಾಸಕ್ಕೆ ಅನುಮತಿ ಇರುತ್ತದೆ. ಅದನ್ನು ಕ್ರಯಪತ್ರದಲ್ಲಿ ನೋಡಬೇಕು. ಹಳೆಯ ಮನೆಯಾದರೆ ಕಲ್ನಾರಿನ ಶೀಟು ಇರುವ ಸಂಭವ ಹೆಚ್ಚು. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿಯಾಗಿ ನಿಷೇಧವಾದದ್ದು 1999ರಲ್ಲಿ. ಅಳಿಯಂದಿರು ತಾವೇ ಗರಗಸ ಹಿಡಿದು ಕತ್ತರಿಸಲು ಹೋಗದಿರಲಿ. ತೀರದಿಂದ ಒಳಗೆ, ಎತ್ತರದ ನೆಲದಲ್ಲಿ, ಇಟ್ಟಿಗೆಯ ಬಂಗಲೆ ಸಿಕ್ಕರೆ ಅದನ್ನು ಕೊಳ್ಳುವುದಕ್ಕೆ ನನ್ನ ಯಾವ ಆಕ್ಷೇಪವೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಲಂಡನ್ನಿಗೆ ಹೋಗುತ್ತಿದ್ದೇವೆ. ಹಳೆಯ ಕಾಲದ ಬಂಗಲೆಯನ್ನು ಎಲ್ಲಿ ನೋಡಬಹುದು? — ದಂಪತಿ, ದಾವಣಗೆರೆ

ಎಸೆಕ್ಸ್‌ನ ಡಂಟನ್‌ನಲ್ಲಿ 'ದಿ ಹೇವನ್' ಎಂಬ 1930ರ ದಶಕದ ಬಂಗಲೆಯನ್ನು ಅಂದಿನ ಸಾಮಾನುಗಳೊಂದಿಗೆ ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಅದು ಎಸೆಕ್ಸ್ ವನ್ಯಜೀವಿ ಟ್ರಸ್ಟಿನ ಲ್ಯಾಂಗ್‌ಡನ್ ಅಭಯಾರಣ್ಯದೊಳಗಿದೆ. ಸುತ್ತಲಿನ ಕಾಡಿನಲ್ಲಿ ನಡೆದರೆ ಕೆಡವಿದ ಮನೆಗಳ ಅಡಿಪಾಯಗಳೂ ಅವುಗಳ ತೋಟದ ಸೇಬು, ಪ್ಲಮ್ ಮರಗಳೂ ಸಿಗುತ್ತವೆ. ಲಂಡನ್ನಿನಿಂದ ರೈಲಿನಲ್ಲಿ ಲೈನ್‌ಡನ್ ನಿಲ್ದಾಣದಲ್ಲಿಳಿಯಬೇಕು. ಒಳಗೆ ಬಿಡುವ ದಿನಗಳನ್ನು ಟ್ರಸ್ಟಿನವರಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಮಳೆ ಬಂದಿದ್ದರೆ ಬೂಟು ಒಯ್ಯಿರಿ. ಆ ದಾರಿಗಳು ಈಗಲೂ ಮಣ್ಣಿನವೇ.